ಕೆಂಪು ಗುಂಡಿ ಒತ್ತದ ಊರು

ಆನಿ ಬಂದ್ರ ಹಳ್ಳಿಗೆ ಸುದ್ದಿ ಮುಟ್ಟಿಸೋ ಆ್ಯಪ್ ಮಾಡೂದು ನನ್ನ ಕೆಲಸ. ದಾಂಡೇಲಿ ಆಫೀಸಿನ್ಯಾಗ ಕುಂತು ನಾವು ಒಂದು ಮಾಡ್ತೇವಿ, ಮಂದಿ ಕೈಯಾಗ ಅದು ಇನ್ನೊಂದಾಗ್ತೈತಿ. ಬೈಸಿಕೊಳ್ಳೂದು ಮಾತ್ರ ನಾನು.

೧. ಕಟ್ ಮಾಡೋ ಮರ್ಯಾದಿ

ಹಳಿಯಾಳದ ಕಡೆ ಆನಿ ಕಂಡ ಕೂಡಲೆ ಕಂಪ್ಯೂಟರ್ ತಾನ ಎಲ್ಲಾರಿಗೂ ಫೋನ್ ಹಚ್ಚೂಹಂಗ ಮಾಡಿದ್ವಿ. ಒಬ್ಬರೂ ಎತ್ತಲಿಲ್ಲ! ಕಬ್ಬು ಬೆಳಿಯೋ ಗೌಡರೊಬ್ಬರನ್ನ ಕೇಳಿದೆ.

"ನಿಮ್ಮ ರೊಕ್ಕ ಯಾಕ ಹಾಳಾಗಬೇಕಂತ ಕಟ್ ಮಾಡಿ ನಾವ ತಿರುಗಿ ಹಚ್ಚಿದ್ವಿ. ನಿಮ್ಮಾಂವ ಎತ್ತಲೇ ಇಲ್ಲ ನೋಡ್ರಿ."

"ಗೌಡ್ರ, ಅದು ಮನಷಾ ಅಲ್ರಿ, ಮಷೀನು."

"ಮಷೀನಿದ್ರೇನಾತು? ಕರದಾಂವ ಎತ್ತಬೇಕಲ್ಲ!"

ಈಗ ಆ ನಂಬರಿನ ಮಿಸ್ಡ್ ಕಾಲ್ ಬಂದ್ರ ಆನಿ ಬಂತು ಅಂತ ಇಟ್ಟೇವಿ. ಗೌಡರು ಇನ್ನೂ ತಿರುಗಿ ಹಚ್ಚತಾರ, ಮರ್ಯಾದಿಗೆ.

೨. ಗೂಟದ ಮ್ಯಾಲಿನ ಫೋನು

ಜೋಯಿಡಾದ ಒಂದು ಊರಾಗ ನೆಟ್‌ವರ್ಕ್ ಸಿಗೂದು ದಿಬ್ಬದ ಮ್ಯಾಲಿನ ಬೇಲಿ ಗೂಟದ ಹತ್ರ ಅಷ್ಟ. ಇಡೀ ಊರಿನ ಫೋನು ಪ್ಲಾಸ್ಟಿಕ್ ಚೀಲದಾಗ ಅಲ್ಲೇ ಜೋತಾಡ್ತಾವು. ನಮ್ಮ ಆ್ಯಪಿನ ಸೈರನ್ ಅಲ್ಲಿ ಬಡಕೊಂಡ್ರ ಕೇಳೂದು ಮಂಗ್ಯಾಗೋಳಿಗೆ. "ಫೋನ್ ಹತ್ರ ಇಟಗೋರಿ" ಅಂತ ಎಲ್ಲಾರಿಗೂ ಹೇಳಿ ಬಂದೆ. ಒಬ್ಬ ಹಿರಿಯರು ತಣ್ಣಗ ಅಂದ್ರು:

"ಹತ್ರ ಇಟ್ರ ನಿಮ್ಮ ಸುದ್ದಿ ಬರೂದಿಲ್ಲ. ದೂರ ಇಟ್ರ ನಮಗ ಕೇಳೂದಿಲ್ಲ. ಯಾವುದು ನಡೀತೈತಿ ನೀವ ಹೇಳ್ರಿ."

೩. ಎಲ್ಲಾ ಆರಾಮ



ಆ್ಯಪಿನ್ಯಾಗ ಎರಡು ಗುಂಡಿ ಇದ್ವು. ಆನಿ ಬಂದ್ರ ಕೆಂಪು, ಏನೂ ಇರದಿದ್ರ ಹಸಿರು. ಹಸಿರು ಒತ್ತಿದ್ರ ಊರಿನ ಎಲ್ಲಾ ಫೋನಿಗೂ, ನಮ್ಮ ಆಫೀಸಿಗೂ ಸಂದೇಶ ಹೋಗ್ತಿತ್ತು.

ಮುಂಡಗೋಡದ ಕಡೆ ಸಿದ್ದಿ ಜನಾಂಗದ ಅಕ್ಕ ಒಬ್ಬಾಕಿಯ ಗಂಡ ಸಂಜೀಮುಂದ ಗೋವಿನಜೋಳ ಕಾಯಾಕ ಹೋಗಿದ್ದ. ಆನಿ ಬಂದ್ವು. ಅಂವಾ ಮರ ಹತ್ತಿ ಹೆಂಡತಿಗೆ ಫೋನ್ ಹಚ್ಚಿ ಹೇಳಿದ. ಆಕಿ ಗಾಬರಿಯಾಗಿ ನಮ್ಮ ಆ್ಯಪ್ ತಗದು ಹಸಿರು ಒತ್ತಿದ್ಲು, ಒತ್ತಿದ್ಲು, ಒತ್ತತಾನ ಇದ್ಲು. ಆಫೀಸಿನ್ಯಾಗ ನಾವು ಚಾ ಕುಡಕೋತ, "ಆ ಊರು ಭಾಳ ಆರಾಮ ಐತಿ ಬಿಡು" ಅಂತಿದ್ವಿ.

ಕಡೀಗೆ ಆಕಿ ಕೂಗಿದ್ದು ಕೇಳಿ ನೆರೆಯವರು ಡಬ್ಬಿ ಬಡಕೋತ ಓಡಿ ಹೋಗಿ ಆನಿ ಓಡಿಸಿದ್ರು. ಪುಣ್ಯಾ, ಮನಷಾ ಉಳದ.

ಮರುದಿನ ಹೋಗಿ ಕೇಳಿದೆ, "ಅಕ್ಕಾ, ಕೆಂಪು ಯಾಕ ಒತ್ತಲಿಲ್ಲ?"

"ಕೆಂಪು ಒತ್ತಿದ್ರ ಫೋನ್ ಕಟ್ ಆಗ್ತೈತಲ್ರಿ ಮೇಡಂ. ಅವರು ಅಲ್ಲಿ ಮರದ ಮ್ಯಾಲ ಅದಾರ, ನಾ ಹೆಂಗ ಕಟ್ ಮಾಡ್ಲಿ?"

ಫೋನಿನ್ಯಾಗ ಕೆಂಪಂದ್ರ ಕಟ್ ಅಂತ ಊರಿಗೆಲ್ಲಾ ಗೊತ್ತು, ಮಾಡಿದ ನಮಗ ಹೊಳೀಲಿಲ್ಲ. ಈಗ ಆ ಎರಡೂ ಗುಂಡಿ ತಗದು ಒಂದ ದೊಡ್ಡ ಆನಿ ಚಿತ್ರ ಇಟ್ಟೇವಿ.

ಅಕ್ಕನ ಗಂಡ ಮಾತ್ರ ಸಿಟ್ಟಾಗಲಿಲ್ಲ. ತನ್ನ ಫೋನ್ ತೋರಿಸಿದ.

"ಮರದ ಮ್ಯಾಲ ಗಟ್ಟಿ ಹಿಡಕೊಂಡು ಕುಂತಿದ್ನಿ. ನಿಮ್ಮ ಸಂದೇಶ ಮ್ಯಾಲಿಂದ ಮ್ಯಾಲ ಬಂತ್ರಿ, 'ನಿಮ್ಮ ಹೊಲದಾಗ ಎಲ್ಲಾ ಆರಾಮ ಐತಿ' ಅಂತ. ಕೆಳಗ ಬಗ್ಗಿ ನೋಡಿದ್ನಿ. ಸುಳ್ಳಲ್ರಿ ಮೇಡಂ. ಗೋವಿನಜೋಳ ತಿನಕೋತ ಎಲ್ಲಾ ಆರಾಮ ಇದ್ವು."