ಕೋಡು ಮೂಡಿದ ಅಕ್ಷರ

ಗಡಹಿಂಗ್ಲಜದಾಗ ನಂದೊಂದು ಲಗ್ನಪತ್ರಿಕೆ ಮಾಡೋ ಅಂಗಡಿ ಐತ್ರಿ. ಕಂಪ್ಯೂಟರಿನ್ಯಾಗ ನೂರಾರು ನಮೂನಿ ಅಕ್ಷರ ಅದಾವು, ಆದ್ರ ನಾ ಮನಸ್ಸು ಕೊಟ್ಟಿದ್ದು ಒಂದಕ್ಕೇ. ಇಂಗ್ಲಿಷ್ ಅಕ್ಷರ, ಭಾಳ ದಪ್ಪ. ನಡಾ ಸಣ್ಣ, ತುದಿಗೆ ಹೋದಂಗ ಅಗಲಾಗಿ ಮೂಲಿಗೆ ಚೂಪಾಗಿ ನಿಂತಿರ್ತೈತಿ. ಕೊಲ್ಹಾಪುರದ ಚಪ್ಪಲಿ ಡಬ್ಬಿಗೆ ಅದೇ, ಬೆಲ್ಲದ ಪೆಟ್ಟಿಗಿಗೆ ಅದೇ, ಕೂಸಿಗೆ ಹೆಸರಿಡೋ ತೊಟ್ಟಿಲ ಕಾರ್ಡಿಗೂ ಅದೇ! "ಹೆಸರ ನೋಡಿ ಕೂಸು ಅಂಜೀತ್ರಿ" ಅಂತ ಗಿರಾಕಿ ಅಂದ್ರೂ ನಾ ಬಗ್ಗಲಿಲ್ಲ.

ಇಚಲಕರಂಜಿಯೊಳಗ ನನ್ನ ಹೆಂಡತಿ ಕಮಲಾನ ಅಕ್ಕ, ಸುನಂದಕ್ಕನ ಮಗಳ ಲಗ್ನ ಬಂತು. ಅಕ್ಕ-ತಂಗಿಗೆ ಮಾತಿಲ್ಲ. ಅಕ್ಕ ಆಹೇರ ಮಾಡಿದ, ಅಂದ್ರ ಉಡುಗೊರೆ ಕೊಟ್ಟ ಸೀರಿ ಇಕಿ ಇನ್ನೊಬ್ಬರಿಗೆ ದಾಟಿಸಿದ್ಲು. ಅದು ಮನಿ ಮನಿ ತಿರಗಿ ಅಕ್ಕನ ಕೈಗೇ ಆಹೇರ ಆಗಿ ಬಂದಿತ್ತು! ಅಂದಿನಿಂದ ಕಮಲಾ ಫೋನಿನ್ಯಾಗ ಅಕ್ಕನ ಹೆಸರ ತಗದು ನೋಡ್ತಿದ್ಲು, ಹಚ್ಚತಿರಲಿಲ್ಲ. ಈಗ ಲಗ್ನಕ್ಕೂ "ನಾ ಬರಾಂಗಿಲ್ಲ" ಅಂತ ಹಟಾ.

ಒಡವಿ ಕೊಟ್ರ ಹೊಂಟಾಳು ಅಂತ ಬೆಳ್ಳಿ ಕೆಲಸದ ಊರು ಹುಪರಿಗೆ ಹೋದೆ. ನನ್ನ ಪ್ರೀತಿಯ ಅಕ್ಷರದಾಗ ಅವಳ ಹೆಸರಿನ ಬೆಳ್ಳಿ ಪದಕ ಮಾಡಿಸಿದೆ. ತುದಿ ಒಂಚೂರೂ ಉಜ್ಜಬಾರದು, ಅದೇ ಅದರ ಶೋಭೆ ಅಂತ ತಾಕೀತು ಬ್ಯಾರೆ!

"ಇದೇನ್ರಿ, ಕೊಳ್ಳಾಗ ಕುಡಗೋಲ ಕಟ್ಟಿಕೊಂಡಂಗ ಐತಿ!" ಅಂದ್ಲು ಕಮಲಾ. ಆದ್ರ ಹಾಕೊಂಡ್ಲು. ಹೊಂಟ್ಲು!

ಪದಕ ಮೊದಲ ನನ್ನ ಅಂಗಿ ಹಿಡೀತು. ಬಸ್ಸಿನ್ಯಾಗ ಒಬ್ಬ ಅಜ್ಜನ ಟವೆಲ್ ಹಿಡೀತು. "ಅಹೋ ವಹಿನಿ, ಟಾವೆಲ ಸೋಡಾ!" ಟವೆಲ್ ಬಿಡ್ರಿ ಅಂತ ಅವ ಮರಾಠಿಯೊಳಗ ಚೀರಿದ. ಮಂಟಪದ ಬಾಗಲದಾಗ ಹೂವಿನ ಮಾಲಿ ಹಿಡೀತು. ಮಾಲಿ ಪೂರಾ ಕೆಳಗ ಬಂತು!

ಲಗ್ನದ ಮನಿಯವ್ರು ಬಂದ ಮುತ್ತೈದೇರಿಗೆಲ್ಲ ಉಡಿ ತುಂಬಬೇಕು. ಮಾತಿರಲಿ ಬಿಡಲಿ, ಅದನ್ನ ತಪ್ಪಸಾಕ ಬರಾಂಗಿಲ್ಲ. ಸುನಂದಕ್ಕ ಮಾರಿ ಗಂಟ ಹಾಕ್ಕೊಂಡ ಬಂದ್ರು. ಬಗ್ಗಿ ತಂಗಿ ಉಡಿಯೊಳಗ ಅಕ್ಕಿ, ಕೊಬ್ಬರಿಬಟ್ಲ ಹಾಕಿದ್ರು. ಏಳಾಕ ನೋಡಿದ್ರು, ಏಳಾಕ ಆಗವಲ್ದು! ಪದಕದ ಮೊದಲನೇ ಅಕ್ಷರದ ಕಾಲು ಅವರ ಹೊಸಾ ಪೈಠಣಿ ಸೆರಗಿನ ಜರಿ ಹಿಡಕೊಂಡಿತ್ತು.

"ಜಗ್ಗಬ್ಯಾಡ ಅಕ್ಕಾ, ಹರೀತೈತಿ!"

"ಮೊದಲ ನೀ ಅಲಗ್ಯಾಡಬ್ಯಾಡ!"

ಬಿಡಸಾಕಂತ ನಾ ಕೈ ಹಾಕಿದೆ. ಉಳಿದ ಅಕ್ಷರಾನೂ ಸಿಕ್ಕೊಂಡ್ವು!

"ನೀವು ಅತ್ಲಾಗ ಸರೀರಿ!" ಇಬ್ರೂ ಕೂಡೇ ಒದರಿದ್ರು. ಅವರು ಒಂದಾಗಿದ್ದೇ ನನ್ನ ಬೈಯಾಕ.

ಒಂದೇ ಕುರ್ಚಿ ಮ್ಯಾಲ ತಲಿಗೆ ತಲಿ ಹಚ್ಚಿ ಕೂತು ಎಳಿ ಎಳಿ ಬಿಡಸಾಕತ್ರು.

"ಯಾರವಾ ಇದನ್ನ ಕೊಡಿಸಿದವ್ರು?"

"ನಮ್ಮವ್ರು."

ಸುನಂದಕ್ಕ ನನ್ನ ಕಡೆ ನೋಡಿ ಹಣಿ ಬಡಕೊಂಡು ನಕ್ರು. ಕಮಲಾನೂ ನಕ್ಕಳು, ಆಮ್ಯಾಲ ಅತ್ತಳು. "ಸೀರಿದು ತಪ್ಪಾತ ಅಕ್ಕಾ."

"ಹೋಗ್ಲಿ ಬಿಡ. ಆ ಬಣ್ಣ ನನಗೂ ಸೇರ್ತಿರಲಿಲ್ಲ."

ಆ ಅಕ್ಷರ ಮಾಡಿದ ಪುಣ್ಯಾತ್ಮ ಯಾವ ದೇಶದಾವನೋ ಏನೋ, ನಿಂತಲ್ಲೇ ಅವಗ ಕೈ ಮುಗದೆ. ಅವನ ಹೊಟ್ಟಿ ತಣ್ಣಗಿರಲಿ!

ವಾಪಸ್ ಬರೂಮುಂದ ಬಸ್ಸಿನ್ಯಾಗ ಮೀಸಿ ತಿರುವಿ ಕೇಳಿದೆ, "ನೋಡಿದ್ಯಾ, ನನ್ನ ಅಕ್ಷರದ ಪ್ರತಾಪ? ಪದಕ ಎಲ್ಲೈತಿ?"

"ಅಕ್ಕಗ ಆಹೇರ ಮಾಡಿದೆ ರೀ! ನನ್ನ ಹೆಸರೈತಿ, ಅಕಿ ಯಾರಿಗೂ ದಾಟಸಾಂಗಿಲ್ಲ."

ಮರುದಿನ ಅಂಗಡಿಗೆ ತೊಟ್ಟಿಲ ಕಾರ್ಡೊಂದು ಬಂತು. ಸುಮ್ಮನ ದುಂಡನ್ನ ಅಕ್ಷರ ಹಾಕಿದೆ. ಕೂಸರ ಅಂಜದಿರ್ಲಿ!