ಚೀಟಿ ಡಬ್ಬಿಗೆ ಅಭಿಷೇಕ

ದೇವರ ದಯೆಯಿಂದ ನನ್ನಲ್ಲಿ ಎರಡು ಒಳ್ಳೆಯ ಗುಣಗಳಿವೆ. ಒಂದು ಭಕ್ತಿ, ಇನ್ನೊಂದು ಅನುಮಾನ. ಭಕ್ತಿ ತವರಿನಿಂದ ಬಂದದ್ದು. ಅನುಮಾನ ಮಾತ್ರ ನಾನೇ ಕಷ್ಟಪಟ್ಟು ಸಂಪಾದಿಸಿದ್ದು. ಹಾಲಿನವಳು ಹಾಲು ಅಳೆದರೆ ನೊರೆ ಇಳಿಯುವವರೆಗೂ ನಾನು ಪಾತ್ರೆ ಎತ್ತುವುದಿಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ತೂಕ ಹಾಕಿಸದೆ ಹೊಸ್ತಿಲು ದಾಟಿಸುವುದಿಲ್ಲ. ಆದ್ದರಿಂದ ಈ ಬೇಸಿಗೆಯಲ್ಲಿ ನಮ್ಮ ಸೇವಾ ಬಳಗದ ಲಕ್ಕಿ ಡ್ರಾ ಉಸ್ತುವಾರಿ ನನ್ನ ಹೆಗಲಿಗೆ ಬಿದ್ದಾಗ, ಎಳ್ಳುಕಾಳಿನಷ್ಟು ಮೋಸಕ್ಕೂ ಜಾಗವಿರುವುದಿಲ್ಲ ಎಂದು ನನಗೆ ಪೂರ್ತಿ ಧೈರ್ಯವಿತ್ತು.

ನಮ್ಮ ಬಳಗವೆಂದರೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿನ ಹೆಂಗಸರ ಕೂಟ. ವರ್ಷವೆಲ್ಲ ತಣ್ಣಗಿದ್ದು ಬಿಸಿಲು ಏರಿದಾಗ ಎಚ್ಚರಗೊಳ್ಳುತ್ತೇವೆ. ಮಕ್ಕಳಿಗೆ ರಜೆ, ಗಂಡಸರಿಗೆ ಮಧ್ಯಾಹ್ನದ ನಿದ್ದೆ, ನಮಗೆ ಸಮಾಜಸೇವೆ. ಒಂದು ವಾರ ನಮ್ಮ ಕಡೂರಿನಲ್ಲಿ ಪಾನಕ ಕೋಸಂಬರಿ, ಇನ್ನೊಂದು ವಾರ ಅಜ್ಜಂಪುರದಲ್ಲಿ ಮಜ್ಜಿಗೆ ಮಂಡಕ್ಕಿ, ಕೊನೆಗೆ ತರೀಕೆರೆಯ ಸಮುದಾಯ ಭವನದಲ್ಲಿ ದೊಡ್ಡ ಸಭೆ, ಲಕ್ಕಿ ಡ್ರಾ. ಚೀಟಿ ಮಾರಿ ಬಂದ ಹಣದಲ್ಲಿ ಒಬ್ಬರಿಗಾದರೂ ಕೈಲಾದ ಉಪಕಾರ.

ಈ ವರ್ಷದ ಉಪಕಾರ ಅಜ್ಜಂಪುರದ ಗಂಗಜ್ಜಿಗೆ ಒಂದು ಗಾಲಿಕುರ್ಚಿ. ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ನಡುಮನೆಯ ಮಂಚ ಸೇರಿ ಆರು ತಿಂಗಳಾಗಿತ್ತು. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಅಜ್ಜಿಯ ಸಂಕಟವೇ ಬೇರೆ.

"ಬೀದೀಲಿ ಜಗಳ ಆಗೋದು ಕಿವಿಗೆ ಬೀಳ್ತದೆ ಕಣೇ. ಯಾರ ಕೈ ಮೇಲಾಯ್ತು ಅಂತ ನೋಡಕ್ಕಾಗಲ್ವಲ್ಲೇ!" ಎಂದು ನಾವು ಹೋದಾಗ ಕಣ್ಣೀರು ಹಾಕಿದರು.

"ಮಳೆಗಾಲ ಹಿಡಿಯೋದ್ರೊಳಗೆ ನಿಮ್ಮನ್ನ ಬೀದಿಗೆ ಕರ್ಕೊಂಡ್ ಬತ್ತೀನಿ ಅಜ್ಜಿ" ಎಂದು ಕೈ ಹಿಡಿದು ಮಾತು ಕೊಟ್ಟವಳು ನಾನೇ. ಕುರ್ಚಿಯ ಹಣದಲ್ಲಿ ಮುಕ್ಕಾಲು ಭಾಗ ಚೀಟಿಯಿಂದ ಬಂದಿತ್ತು. ಉಳಿದದ್ದನ್ನು ಡ್ರಾ ದಿನವೇ ಕೊಡುವುದಾಗಿ ಅಜ್ಜಂಪುರದ ಹೆಂಗಸರು ಒಪ್ಪಿದ್ದರು. ಅವರ ಮುಂದಾಳು ಜಯಕ್ಕ. ಖಡಕ್ ಹೆಂಗಸು.

ಈಗ ನನ್ನ ಅನುಮಾನದ ವಿಷಯ. ನಮ್ಮ ಬಳಗದ ಅಧ್ಯಕ್ಷೆ ವಿಮಲಮ್ಮನವರು. ಹೋದ ವರ್ಷ ಮೊದಲ ಬಹುಮಾನ ಅವರ ನಾದಿನಿಗೆ ಬಂತು. ಅದರ ಹಿಂದಿನ ವರ್ಷ ಅವರ ತಮ್ಮನ ಹೆಂಡತಿಗೆ. ಎರಡು ಸಲವೂ ಚೀಟಿ ಎತ್ತುವ ಮೊದಲು ವಿಮಲಮ್ಮನವರು ಡಬ್ಬಿಗೆ ಕೈಹಾಕಿ "ಚೆನ್ನಾಗಿ ಕಲಸ್ತೀನಿ" ಎಂದು ಚಿತ್ರಾನ್ನ ಕಲಸಿದ ಹಾಗೆ ಕಲಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದೂ ಅಲ್ಲದೆ ನಮ್ಮ ಹಾಲಿನವಳು ಒಂದು ಗುಟ್ಟು ಹೇಳಿದ್ದಳು: ಬೇಕಾದವರ ಚೀಟಿಯನ್ನು ಮೊದಲೇ ಫ್ರಿಡ್ಜಿನಲ್ಲಿ ಇಟ್ಟಿರುತ್ತಾರಂತೆ, ಎತ್ತುವವರ ಕೈಗೆ ತಣ್ಣಗೆ ಸಿಕ್ಕಿದ್ದೇ ಬಹುಮಾನವಂತೆ! ಅವಳ ಹಾಲನ್ನು ನಾನು ನಂಬುವುದಿಲ್ಲ. ಮಾತನ್ನು ನಂಬಿದೆ.

ಸಭೆಯಲ್ಲಿ ಎದ್ದು ನಿಂತು ಷರತ್ತು ಹಾಕಿದೆ. ಡಬ್ಬಿ ನಮ್ಮನೆಯಲ್ಲೇ ಇರತಕ್ಕದ್ದು. ಕಲಸುವ ನೆಪದಲ್ಲಿ ಯಾರೂ ಕೈಹಾಕಕೂಡದು. ಮೂರೂ ಊರಿನಲ್ಲಿ ಯಾರಿಗೂ ನೆಂಟರಲ್ಲದವರೇ ಚೀಟಿ ಎತ್ತತಕ್ಕದ್ದು.

"ಯಾಕ್ರೀ ಶಾಂತಕ್ಕ, ನಮ್ಮ ಮೇಲೆ ಅನುಮಾನನಾ?" ಎಂದರು ವಿಮಲಮ್ಮ.

"ಛೇ, ನಿಮ್ಮ ಮೇಲಲ್ಲ ಕಣ್ರೀ. ನಿಮ್ಮ ಫ್ರಿಡ್ಜ್ ಮೇಲೆ" ಎಂದೆ.

ಸಭೆ ತಣ್ಣಗಾಯಿತು. ಫ್ರಿಡ್ಜಿನ ಹಾಗೆ.

ಡಬ್ಬಿ ಮನೆಗೆ ಬಂತು. ದೊಡ್ಡ ತಗಡಿನ ಬಿಸ್ಕತ್ ಡಬ್ಬಿ, ಮುಚ್ಚಳದಲ್ಲಿ ಒಂದು ಕೈ ಹೋಗುವಷ್ಟು ತೂತು. ಎಲ್ಲರ ಚೀಟಿಗಳನ್ನೂ ಒಳಗೆ ಹಾಕಿದ ಮೇಲೆ ನಮ್ಮವರದು, ಅತ್ತೆಯದು, ನನ್ನದು, ಮೂರು ಚೀಟಿ ಉಳಿದವು. ಸೇವೆ ಮಾಡುವವರು ಕೊನೆಗೆ ನಿಲ್ಲಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಮಠದಲ್ಲಿ ದಾಸೋಹ ನಡೆದರೂ ಬಡಿಸಿದವರು ಕೊನೆಯ ಪಂಕ್ತಿ. ಹಾಗಾಗಿ ನಮ್ಮ ಮೂರನ್ನು ಕೊನೆಗೆ, ಎಲ್ಲಕ್ಕಿಂತ ಮೇಲೆ, ತೂತಿನ ಅಂಚಿಗೆ ತಾಗುವ ಹಾಗೆ ಇಟ್ಟೆ.

ಆಗ ನನ್ನ ಭಕ್ತಿ ಜಾಗೃತವಾಯಿತು. ಬರೀ ಬೀಗ ಮುದ್ರೆಯಿಂದ ಮೋಸ ನಿಲ್ಲುತ್ತದೆಯೇ? ದೇವರ ದೃಷ್ಟಿಯೂ ಬೀಳಬೇಡವೇ? ಡಬ್ಬಿಯನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದೆ, ಹೂ ಏರಿಸಿದೆ. ಅಂದು ಸೋಮವಾರ. ಅಭಿಷೇಕ ಮಾಡಿದ ಪಂಚಾಮೃತ ಬಟ್ಟಲಿನಲ್ಲಿತ್ತು. ಒಂದೇ ಒಂದು ಉದ್ಧರಣೆ ತುಂಬ ತೆಗೆದು ತೂತಿನ ಅಂಚಿಗೆ ಬಿಟ್ಟೆ. ಸಾಲದೇನೋ ಅನ್ನಿಸಿತು. ಇನ್ನೊಂದು ಉದ್ಧರಣೆಯೂ ಬಿತ್ತು.

ನಮ್ಮವರು ಕೊಬ್ಬರಿ ವ್ಯಾಪಾರಸ್ಥರು, ಮಂಡಿಗೆ ಹೊರಟವರು ಬಾಗಿಲಲ್ಲೇ ನಿಂತು ನೋಡಿದರು. "ಏನ್ಲೇ ಇದು, ಲಾಟರಿಗೆ ಅಭಿಷೇಕ?"

"ಒಳ್ಳೇ ಕೆಲಸಕ್ಕೆ ಅಡ್ಡಬಾಯಿ ಹಾಕ್ಬೇಡಿ. ನೀವ್ ಹೋಗ್ರೀ."

ತೂತಿಗೆ ಹಳದಿ ಬಟ್ಟೆ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿ, ಭಾನುವಾರದವರೆಗೂ ದೇವರ ಗೂಡಿನಲ್ಲೇ ಇಟ್ಟೆ. ಗೂಡಿನ ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿತ್ತು. ಇರುವೆ ಬಂದರೆ ಶುಭ ಎಂದು ಅಮ್ಮನ ಮನೆಯಲ್ಲಿ ಹೇಳುತ್ತಿದ್ದರು. ಕೈಮುಗಿದೆ.

ಭಾನುವಾರ ಅತ್ತೆ, ನಮ್ಮವರ ಜೊತೆ ತರೀಕೆರೆ ಬಸ್ಸು ಹತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಬೀರೂರಿನಲ್ಲಿ ಹತ್ತಿದ ಒಬ್ಬ ಗಂಡಸು ಡಬ್ಬಿಯನ್ನೇ ನೋಡುತ್ತಿದ್ದ. ವಿಮಲಮ್ಮನ ಕಡೆಯವನೇ ಇರಬೇಕೆಂದು ಸೆರಗು ಮುಚ್ಚಿದೆ. ಕಂಡಕ್ಟರ್ ಬಂದ.

"ಏನಮ್ಮಾ ಅದು, ಪ್ರಸಾದನಾ? ಮೇಲ್ಗಡೆ ಇಡಿ."

"ಪ್ರಸಾದ ಅಲ್ಲಪ್ಪ, ನ್ಯಾಯ. ಮೇಲಿಡಕ್ಕಾಗಲ್ಲ."

"ಹೆಂಗಸ್ರು, ನಿಮಗೇನೋ ಟಿಕೆಟ್ ಫ್ರೀ. ನ್ಯಾಯಕ್ಕೆ ಸೀಟು ಹಿಡಿದ್ರೆ ಲಗೇಜ್ ಹಾಕ್ಬೇಕಾಗ್ತದೆ!" ಎಂದ. ಇಡೀ ಬಸ್ಸು ನಕ್ಕಿತು. ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡೆ. ತೊಡೆಗೆ ಏನೋ ಚುಳ್ ಎಂದಿತು. ಬಿಸಿಲಿಗೆ ಬೆವರುಸಾಲೆ ಇರಬೇಕೆಂದುಕೊಂಡೆ.

ಭವನ ತುಂಬಿತ್ತು. ಮೂರೂ ಊರಿಗೆ ನೆಂಟನಲ್ಲದ ಮನುಷ್ಯನನ್ನು ನಾನೇ ಹುಡುಕಿ ಕರೆಸಿದ್ದೆ. ಬೀದರ್ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರ್. ನಮ್ಮ ಕಡೆ ಅನ್ನದ ಜೊತೆ ಮುದ್ದೆ ಯಾಕೆ ತಿನ್ನುತ್ತಾರೆ ಎಂಬುದೂ ಅವರಿಗೆ ಇನ್ನೂ ತಿಳಿದಿರಲಿಲ್ಲ. ಅಷ್ಟು ಶುದ್ಧ ಅಪರಿಚಿತರು!

ವಿಮಲಮ್ಮ "ಒಂದ್ಸಲ ಕಲಸ್ಬಿಡ್ತೀನಿ" ಎಂದು ಕೈ ಚಾಚಿದರು.

"ಕೈ ಹಾಕ್ಬೇಡಿ!" ಎಂದು ಕೂಗಿದೆ. ಮೈಕು ನನ್ನ ಕೈಯಲ್ಲೇ ಇತ್ತು. ಹೊರಗಿನ ರಸ್ತೆಯಲ್ಲಿ ಹೋಗುತ್ತಿದ್ದವರೂ ಕೈ ಹಿಂದೆ ತೆಗೆದುಕೊಂಡರು. "ಬೇಕಾದ್ರೆ ಅಲ್ಲಾಡ್ಸೋಣ."

ಡಬ್ಬಿಯನ್ನು ನಾನೇ ಎತ್ತಿ ಅಲ್ಲಾಡಿಸಿದೆ. ಒಳಗೆ ಚೀಟಿಗಳು ಗಲಗಲ ಕುಣಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುದ್ರೆ ಒಡೆದೆ.

ಮ್ಯಾನೇಜರ್ ಮೂರನೇ ಬಹುಮಾನಕ್ಕೆ, ಅಂದರೆ ಟಿಫಿನ್ ಕ್ಯಾರಿಯರ್‌ಗೆ, ಕೈಹಾಕಿದರು. ಥಟ್ಟನೆ "ಅಯ್ಯಯ್ಯ!" ಎಂದು ಕೈ ಹೊರಗೆಳೆದು ಝಾಡಿಸಿದರು. ಬೆರಳಿಗೆ ಒಂದು ಚೀಟಿ ಅಂಟಿಕೊಂಡಿತ್ತು. ವಿಮಲಮ್ಮ ಬಿಡಿಸಿ ಓದಿದರು. ನಮ್ಮವರ ಹೆಸರು!

ಚಪ್ಪಾಳೆ. ನಾಚಿಕೊಂಡು ತಲೆ ತಗ್ಗಿಸಿದೆ. ದೇವರು ಕಣ್ಣು ಬಿಟ್ಟ ಎಂದುಕೊಂಡೆ.

ಎರಡನೆಯದು ಕುಕ್ಕರ್. ಮ್ಯಾನೇಜರ್ ಹೆದರಿ ಹೆದರಿ ಎರಡು ಬೆರಳು ಮಾತ್ರ ಇಳಿಸಿ, ತೂತಿನ ಪಕ್ಕದಲ್ಲೇ ಸಿಕ್ಕಿದ್ದನ್ನು ಕಿತ್ತುಕೊಂಡರು. ನಮ್ಮ ಅತ್ತೆಯ ಹೆಸರು.

ಈ ಸಲ ಚಪ್ಪಾಳೆ ಒಂದೇ ಕಡೆಯಿಂದ ಬಂತು. ಅದು ನಮ್ಮ ಅತ್ತೆಯದು.

ಸ್ವಾಮೀ, ಇಷ್ಟು ಸಾಕು, ಇನ್ನು ದೃಷ್ಟಿ ಬೇರೆಯವರ ಕಡೆ ತಿರುಗಿಸು ಎಂದು ಬೇಡಿಕೊಂಡೆ. ಮೊದಲನೆಯ ಬಹುಮಾನ ಮಿಕ್ಸಿ. ಮ್ಯಾನೇಜರ್ ಮುಖ ಸಣ್ಣ ಮಾಡಿದರು. "ಬ್ಯಾಡ್ರೀ ಮೇಡಂ, ಒಳಗ ಏನೋ ಕಡೀಲಿಕ್ಹತ್ತದ" ಎಂದರು. ನಿಯಮ ನಿಯಮವೇ ಎಂದು ನಾನೇ ಒತ್ತಾಯಿಸಿದೆ. ಕಣ್ಣು ಮುಚ್ಚಿ ಕೈಹಾಕಿ ಮಿಂಚಿನ ಹಾಗೆ ತೆಗೆದರು.

ವಿಮಲಮ್ಮ ಚೀಟಿ ಓದಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ ಮೈಕನ್ನು ನನ್ನ ಬಾಯಿಗೇ ಹಿಡಿದು, "ನೀವೇ ಓದ್ರೀ ಶಾಂತಕ್ಕ" ಎಂದರು.

ಓದಿದೆ. ನನ್ನ ಹೆಸರನ್ನು ಅಷ್ಟು ಸಣ್ಣ ದನಿಯಲ್ಲಿ ನಾನು ಯಾವತ್ತೂ ಹೇಳಿಕೊಂಡಿರಲಿಲ್ಲ.

ಜಯಕ್ಕ ಎದ್ದರು. "ಗಂಡ, ಅತ್ತೆ, ಸೊಸೆ! ನಾಯಿ ಬೆಕ್ಕಿನ ಹೆಸ್ರಲ್ಲೂ ಚೀಟಿ ಇದ್ದಿದ್ರೆ ಅವಕ್ಕೂ ಬರೋದು! ಇಂಥಾ ಡ್ರಾಗೆ ನಮ್ಮೂರಿನ್ ದುಡ್ಡು ಒಂದ್ ಪೈಸೆ ಇಲ್ಲ. ನಡೀರೇ ಎಲ್ಲಾ, ಬಸ್ಸಿಗೆ ಹೊತ್ತಾಯ್ತು."

ಅಜ್ಜಂಪುರದ ಹೆಂಗಸರೆಲ್ಲ ಚೀಲ ಎತ್ತಿಕೊಂಡರು. ನನ್ನ ಕಣ್ಣಿಗೆ ಮಿಕ್ಸಿಯೂ ಕಾಣಲಿಲ್ಲ, ಕುಕ್ಕರೂ ಕಾಣಲಿಲ್ಲ. ನಡುಮನೆಯ ಮಂಚ ಕಂಡಿತು, ಗಂಗಜ್ಜಿಯ ಕೈ ಕಂಡಿತು.

ಅಷ್ಟರಲ್ಲಿ ವಿಮಲಮ್ಮ ಡಬ್ಬಿಯ ಮುಚ್ಚಳ ತೆಗೆದರು. ಒಳಗಿನಿಂದ ಇರುವೆಯ ದಂಡು ಮೆರವಣಿಗೆ ಹೊರಟಿತು. ಮುಚ್ಚಳದ ಒಳಮೈಯಲ್ಲಿ, ತೂತಿನ ಪಕ್ಕದಲ್ಲೇ ಮೂರು ಚೀಟಿ ಅಂಟಿದ್ದ ಗುರುತು, ಅದರ ಮೇಲೆ ಒಂದು ಬಾಳೆಹಣ್ಣಿನ ಚೂರು. ಬೆರಳಿನಲ್ಲಿ ತೆಗೆದು ಮೂಸಿ ನೋಡಿದರು.

"ಜೇನುತುಪ್ಪ! ಏನ್ರೀ ಇದು?"

"ಪಂಚಾಮೃತ" ಎಂದೆ. "ಮೋಸ ಆಗದಿರ್ಲಿ ಅಂತ... ಅಭಿಷೇಕ ಮಾಡಿದ್ದೆ."

ವಿಮಲಮ್ಮ ಬೆರಳಿಗೆ ಹತ್ತಿದ ಇರುವೆಯನ್ನು ಊದಿದರು.

"ಅಲ್ರೀ, ನಮ್ಮನ್ನ ಫ್ರಿಡ್ಜ್ ಅಂತ ಆಡ್ಕೊಂಡ್ರಿ. ನಾವ್ ಪಾಪದೋರು, ಫ್ರಿಡ್ಜ್ ತಂಕ ಯೋಚ್ನೆ ಮಾಡೋರು. ನೀವು ಸೀದಾ ದೇವರನ್ನೇ ಹಿಡ್ಕೊಂಡ್ಬಿಟ್ರಲ್ಲ!" ಎಂದರು ವಿಮಲಮ್ಮ. ಅಲ್ಲಿಗೆ ಕಟ್ಟೆ ಒಡೆಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರ್ ಊದಿದ ಬೆರಳು ಹಿಡಿದುಕೊಂಡು ನಕ್ಕರು. ನಗದವರು ಇಬ್ಬರೇ. ನಾನು ಮತ್ತು ಜಯಕ್ಕ.

"ಅಂಟಿತೋ ಅಂಟ್ಸಿದ್ರೋ, ಯಾರಿಗ್ ಗೊತ್ತು?" ಎಂದರು ಜಯಕ್ಕ. ಅವರನ್ನು ಬೈಯುವ ಹಾಗೂ ಇರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಅದಕ್ಕಿಂತ ಮೊದಲೇ ಎದ್ದು ನಿಂತಿರುತ್ತಿದ್ದೆ.

"ಮೂರು ಬಹುಮಾನಾನೂ ನಂಗ್ ಬ್ಯಾಡ. ಇಲ್ಲೇ ಹರಾಜು ಹಾಕಿ. ಬಂದದ್ದೆಲ್ಲ ಅಜ್ಜಿ ಕುರ್ಚಿಗೆ" ಎಂದೆ. ಚೀಲ ಹಿಡಿದವರು ನಿಂತರು. ಹರಾಜು ಎಂದರೆ ಬಸ್ಸನ್ನೂ ಬಿಡಬಹುದು.

ಟಿಫಿನ್ ಕ್ಯಾರಿಯರ್, ಕುಕ್ಕರ್ ಬೇಗ ಹೋದವು. ಮಿಕ್ಸಿಗೆ ಜಯಕ್ಕನೇ ಕೂಗಿದರು. ಆಗ ಹಿಂದಿನ ಬಾಗಿಲಿನಿಂದ ಇನ್ನೊಂದು ಕೂಗು ಬಂತು. ನೋಡಿದರೆ ನಮ್ಮವರು! ಇಷ್ಟು ಹೊತ್ತು ಹೊರಗೆ ಹೊಂಗೆಮರದ ಕೆಳಗೆ ಫೋನಿನಲ್ಲಿ ಕೊಬ್ಬರಿ ದರ ವಿಚಾರಿಸುತ್ತಿದ್ದವರು. ಒಳಗೆ ನಡೆದದ್ದು ಒಂದೂ ಗೊತ್ತಿಲ್ಲ. ಮನೆಯ ಮಿಕ್ಸಿ ಕೆಟ್ಟಿದೆ ಎಂದು ನಾನು ಯುಗಾದಿಯಿಂದ ಗೊಣಗಿದ್ದು ಮಾತ್ರ ಅವತ್ತೇ ನೆನಪಾಗಬೇಕೇ!

ಬೇಡ ಬೇಡ ಎಂದು ನಾನು ವೇದಿಕೆಯಿಂದ ಎರಡೂ ಕೈ ಎತ್ತಿ ಬೀಸಿದೆ. ಅವರು ಅದನ್ನು ಇನ್ನೂ ಮೇಲೆ, ಇನ್ನೂ ಮೇಲೆ ಎಂದು ತಿಳಿದರು. ಮಂಡಿಯಲ್ಲಿ ಕೂಗಿ ಪಳಗಿದ ಗಂಟಲು. ಜಯಕ್ಕ ಒಂದು ಮೆಟ್ಟಿಲು ಏರಿದರೆ ಇವರು ಎರಡು ಏರಿದರು. ನಾನು ಕೈ ಬೀಸಿದಷ್ಟೂ ಏರಿದರು. ಅಂಗಡಿಯಲ್ಲಿ ಎರಡು ಹೊಸ ಮಿಕ್ಸಿ ಬರುವಷ್ಟಾದಾಗ ಜಯಕ್ಕ ಕೈ ಚೆಲ್ಲಿದರು.

"ಗೆದ್ಬಿಟ್ಟೆ ಕಣೇ!" ಎಂದು ನಮ್ಮವರು ಮಿಕ್ಸಿ ಎತ್ತಿಕೊಂಡು ಬಂದರು. ನನ್ನ ಮಿಕ್ಸಿ. ಬಿಟ್ಟಿ ಬಂದಿದ್ದ ಮಿಕ್ಸಿ.

ಕುರ್ಚಿಯ ಹಣ ತುಂಬಿತು. ಅದೇ ದೊಡ್ಡ ಪುಣ್ಯ. ಜಯಕ್ಕ ತಮ್ಮ ಪಾಲಿನ ಹಣವನ್ನು ಚೀಲದಲ್ಲೇ ಭದ್ರವಾಗಿ ಇಟ್ಟುಕೊಂಡು ಬಸ್ಸು ಹತ್ತಿದರು. ಮನೆಯಲ್ಲಿ ನಮ್ಮವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದೂ ಒಂದು ಸಣ್ಣ ಪುಣ್ಯವೇ.

ಮುಂಗಾರಿಗೆ ಮೊದಲೇ ಹೊಸ ಕುರ್ಚಿ ಅಜ್ಜಂಪುರಕ್ಕೆ ಹೋಯಿತು. ಗಂಗಜ್ಜಿಯನ್ನು ಕೂರಿಸಿ ಬೀದಿಗೆ ನಾನೇ ತಳ್ಳಿಕೊಂಡು ಬಂದೆ. ಅಜ್ಜಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಯಾರ ಮನೆಗೆ ಬಣ್ಣ ಆಗಿದೆ, ಯಾರ ಜಗಲಿ ಬೀದಿಗೆ ಬಂದಿದೆ, ಎಲ್ಲ ವಿಚಾರಿಸಿಕೊಂಡರು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಅಜ್ಜಿ ಕತ್ತು ಹೊರಳಿಸಿ ದನಿ ತಗ್ಗಿಸಿದರು.

"ಜಯ ಹೇಳಿದ್ಲು ಕಣೇ. ಕಡೂರಿನವಳು ಯಾವಳೋ ಬಹುಮಾನನೆಲ್ಲಾ ಒಬ್ಳೇ ಹೊಡ್ಕೊಂಡ್ಲಂತೆ? ದೇವರ ಹೆಸ್ರಲ್ಲಿ ಅಂಟು ಹಚ್ಚಿದ್ಲಂತೆ? ಯಾವಳೇ ಅವ್ಳು? ಬಂದವ್ಳಾ ಇವತ್ತು? ತೋರ್ಸು, ಮುಖ ನೋಡ್ತೀನಿ."

ನಾನು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಶಿವಾ, ಇದೊಂದು ಸುಳ್ಳನ್ನು ಕ್ಷಮಿಸಪ್ಪ.

"ಇಲ್ಲ ಅಜ್ಜಿ, ಅವ್ಳು ಬಂದಿಲ್ಲ."

"ಒಳ್ಳೇದಾಯ್ತು ಬಿಡು" ಎಂದು ಅಜ್ಜಿ ಕುರ್ಚಿಯ ಎರಡೂ ಕೈಗಳನ್ನು ಭದ್ರವಾಗಿ ಹಿಡಿದುಕೊಂಡರು. "ಬಂದಿದ್ರೆ ನನ್ನ ಕೆಳಗಿಳ್ಸಿ ಇದನ್ನೂ ಹೊತ್ಕೊಂಡ್ ಹೋಗೋಳು!"