ದಪ್ಪ ಹೆಂಡತಿಯನ್ನು ಇಷ್ಟಪಡುವ ರೋಗದ ಕುರಿತು

ಪರರ ಒಳಮನಸ್ಸನ್ನು ಅಂಗೈ ಗೆರೆಯಂತೆ ಓದಬಲ್ಲ ಮನಃಶಾಸ್ತ್ರಜ್ಞರಾದ ಮಾನ್ಯರೇ,

ತಮ್ಮ ಕೋಣೆಯ ಹೊರಗಿನ ಬೆಂಚಿನಲ್ಲಿ ಮೂರು ಶನಿವಾರ ಕಾದು ಕುಳಿತರೂ ತಾವು ಒಮ್ಮೆಯೂ ಒಳಗೆ ಕರೆಸಿಕೊಳ್ಳದ ಹೊಲಿಗೆಯವಳ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಮಾತಿಗೆ. ನಾನು ಹಾಗೆ ಮಲಗಿದರೆ ಎಬ್ಬಿಸಲು ಇಬ್ಬರು ಬೇಕು.

ನನ್ನ ಯಜಮಾನರು ಲಿಫ್ಟ್ ರಿಪೇರಿ ಮಾಡುವವರು. ಮದುವೆಯಾದಾಗ ಹಂಚಿಕಡ್ಡಿಯಂತಿದ್ದ ನಾನು ಹನ್ನೊಂದು ವರ್ಷ ಮಿಷನ್ ಮುಂದೆ ಕುಳಿತು ಮೂವತ್ತು ಕಿಲೋ ಏರಿದೆ; ನನ್ನ ಸುತ್ತಳತೆಯ ಜೊತೆಗೆ ಅವರ ಪ್ರೀತಿಯೂ ಏರಿತು. “ಈಗ ನಿನ್ನ ನೋಡಿದ್ರೆ ಕಣ್ಣು ತುಂಬುತ್ತೆ ಕಣೇ” ಎಂದು ಅಡುಗೆಮನೆಯಲ್ಲಿ ಅವರು ಅಂದದ್ದು ಅವರ ಅಕ್ಕನ ಕಿವಿಗೆ ಬಿದ್ದು, ಆ ಅಕ್ಕ ಹೌಹಾರಿ, ಯಜಮಾನರನ್ನು ಚಿಕಿತ್ಸೆಗೆಂದು ತಮ್ಮ ಸನ್ನಿಧಿಗೆ ಎಳೆತಂದರು.

ತಮ್ಮ ಪಾಂಡಿತ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮೊದಲ ಶನಿವಾರ, ತಾಯಿಯ ಮಡಿಲು ಸಿಗದ ಮಗು ಅದನ್ನು ದಪ್ಪ ಹೆಂಗಸಿನಲ್ಲಿ ಹುಡುಕುತ್ತದೆ ಎಂದಿರಿ. ನಲವತ್ತರ ಈ ಮಗುವಿನ ಉಗುರನ್ನು ಇಂದಿಗೂ ಕತ್ತರಿಸಿಕೊಡುವ ನನ್ನ ಅತ್ತೆ ಇದನ್ನು ಕೇಳಿ ಎರಡು ದಿನ ಅತ್ತರು. ಎರಡನೆಯ ಶನಿವಾರ ಬಾಲ್ಯದ ಹಸಿವು ಎಂದಿರಿ. ಅವರ ಬಾಲ್ಯದಲ್ಲಿ ಹಸಿವೆಂದರೆ ತಿಂಡಿಗೂ ಊಟಕ್ಕೂ ನಡುವಿನ ಅರ್ಧ ಗಂಟೆ. ಮೂರನೆಯ ಶನಿವಾರ, ಬೇರೆ ಗಂಡಸರು ಕಣ್ಣು ಹಾಕದಿರಲೆಂದು ಇಂಥವರು ಹೆಂಡತಿ ಉಬ್ಬುವುದನ್ನು ಬಯಸುತ್ತಾರೆಂಬ ಗುಟ್ಟು ಬಿಚ್ಚಿಟ್ಟು, ಹದಿನೈದು ದಿನ ನನ್ನನ್ನು ನೋಡಬಾರದೆಂದು ಪಥ್ಯ ಹೇಳಿದಿರಿ.

ಅವರು ವಿಧೇಯರು. ಊಟಕ್ಕೆ ಕುಳಿತು ಗೋಡೆಯನ್ನೇ ನೋಡುತ್ತ ಗೋಡೆಯ ಬಳಿ ಉಪ್ಪು ಕೇಳಿದರು. ನಾಲ್ಕನೆಯ ದಿನ, ನನ್ನ ಮೈಯೇ ಒಬ್ಬ ಒಳ್ಳೆಯ ಮನುಷ್ಯನಿಗೆ ಅಂಟಿದ ರೋಗವೆಂದು ನನಗೂ ಅನ್ನಿಸಿ ಊಟ ಬಿಟ್ಟೆ. ಎಂಟನೆಯ ದಿನ ಹೊಲಿಯುತ್ತಿದ್ದಾಗಲೇ ತಲೆ ಸುತ್ತಿ, ಸೂಜಿ ಹೆಬ್ಬೆರಳೊಳಗೆ ಇಳಿಯಿತು. ಓಡಿ ಬಂದ ಯಜಮಾನರು ಪಥ್ಯ ಮರೆತು ನನ್ನನ್ನೇ ನೋಡಿದರು.

“ಯಾಕ್ರೀ ನಾನು ದಪ್ಪ ಇದ್ರೆ ನಿಮಗಿಷ್ಟ?” ಎಂದು ಅಳುತ್ತಲೇ ಕೇಳಿದೆ. ಬೆರಳಿಗೆ ಬಟ್ಟೆ ಸುತ್ತುತ್ತ, “ಗೊತ್ತಿಲ್ಲ ಕಣೇ. ನೀನು ಕೂತ್ರೆ ಮಂಚ ನಿನ್ ಕಡೆ ವಾಲುತ್ತಲ್ಲ, ನಾನೂ ಜಾರ್ಕೊಂಡು ಬಂದ್ಬಿಡ್ತೀನಿ. ಅಷ್ಟೇ” ಎಂದರು. ಆಮೇಲೆ ಬಟ್ಟೆಗೆ ಗಂಟು ಹಾಕಿ, “ನಿನಗೆ ಹೇಗಿರೋಕಿಷ್ಟ? ಅದನ್ನ ನಾನು ಯಾವತ್ತೂ ಕೇಳೇ ಇಲ್ಲ” ಎಂದರು. ಮಂಡಿ ನೋವೊಂದು ಹೋದರೆ ಸಾಕು, ಮಿಕ್ಕದ್ದೆಲ್ಲ ಇದ್ದಲ್ಲೇ ಇರಲಿ ಎಂದೆ. ಈಗ ಸಂಜೆ ಇಬ್ಬರೂ ನಿಧಾನಕ್ಕೆ ನಡೆದು ಬರುತ್ತೇವೆ. ಮೂರು ಶನಿವಾರದಲ್ಲಿ ತಮಗೆ ಹೊಳೆಯದ ಈ ಪ್ರಶ್ನೆ ಲಿಫ್ಟ್ ಮೆಕ್ಯಾನಿಕ್ಕಿಗೆ ಹೊಳೆದ ಉದ್ಧಟತನವನ್ನು ದಯವಿಟ್ಟು ಮನ್ನಿಸಬೇಕು.

ಆದ್ದರಿಂದ ತಾವು ಕೃಪೆ ಮಾಡಿ, ಎಷ್ಟು ಕಿಲೋವರೆಗಿನ ಹೆಂಡತಿಯನ್ನು ಪ್ರೀತಿಸಿದರೆ ಆರೋಗ್ಯ, ಎಷ್ಟು ಗ್ರಾಂ ಮೀರಿದರೆ ಕಾಯಿಲೆ ಎಂದು ಮೊಹರು ಹಾಕಿದ ಪತ್ರವೊಂದನ್ನು ಕೊಡಬೇಕೆಂದೂ, ಸಣಕಲು ಹೆಂಗಸರನ್ನು ಮೆಚ್ಚುವ ಊರಿನ ಗಂಡಸರನ್ನೆಲ್ಲ ಸಾಲಾಗಿ ಕೂರಿಸಿ ಅವರವರ ತಾಯಂದಿರನ್ನೂ ಎರಡೆರಡು ದಿನ ಅಳಿಸಬೇಕೆಂದೂ ಬೇಡುತ್ತೇನೆ.

ಯಾವ ಸಿದ್ಧಾಂತದೊಳಗೂ ಹಿಡಿಸದೆ ಹೋದ, ಆದರೂ ತಮ್ಮ ವಿಶ್ವಾಸಿ,
ಹೊಲಿಗೆಯವಳು

ವಿ.ಸೂ.: ತಮ್ಮ ಶ್ರೀಮತಿಯವರು ನಿನ್ನೆ ಮಾನ್ಯರಾದ ತಮ್ಮ ಮೂರು ಪ್ಯಾಂಟುಗಳನ್ನು ತಂದು, ಸೊಂಟದಲ್ಲಿ ಎರಡೆರಡು ಇಂಚು ಅಗಲ ಮಾಡಿಕೊಡಲು ಹೇಳಿ ಹೋದರು. ಹೇಳುವಾಗ ಅವರ ಮುಖದ ತುಂಬ ನಗುವಿತ್ತು. ಅವರ ಬಾಲ್ಯದ ಬಗ್ಗೆ ನಾನೇನೂ ಕೇಳಲಿಲ್ಲ.